ಗಟ್ಟಿಮುಟ್ಟ ಇದ್ದ ನಾಯಿ, ಬೆಕ್ಕಿಗೆ ರಕ್ತ ತಪಾಸಣಿ ಬೇಕೇನ್ರಿ?

ಮಾಳಮಡ್ಡಿ ಅಜ್ಜ:

ಎಲ್ಲಾರಿಗೂ ನಮಸ್ಕಾರ. ಧಾರವಾಡ ಮಾಳಮಡ್ಡಿಯೊಳಗ ಇರ್ತೇವಿ. ನಾನು, ನನ್ನ ಹೆಂಡತಿ, ಗುಂಡ್ಯಾ ಅಂತ ಒಂದು ನಾಯಿ, ಚಿನ್ನಿ ಅಂತ ಒಂದು ಬೆಕ್ಕು. ಪೋಸ್ಟ್ ಆಫೀಸಿನಿಂದ ರಿಟೈರ್ ಆಗಿ ನಾಲ್ಕು ವರ್ಷ ಆತು. ಗುಂಡ್ಯಾ ಯಾವ ಜಾತಿ ಅಂತ ಕೇಳಬ್ಯಾಡ್ರಿ. ಸ್ಟೇಷನ್ ಕಡಿಂದ ಒಂದಿನ ಜಿಟಿಜಿಟಿ ಮಳಿಯೊಳಗ ನನ್ನ ಸೈಕಲ್ ಹಿಂದ ಓಡಿಕೋತ ಬಂದಂವ, ಬಂದು ಪಡಸಾಲಿಯೊಳಗ ಮಲ್ಕೊಂಡಂವ, ಇನ್ನೂ ಅಲ್ಲೇ ಇದ್ದಾನ. ಈಗ ಎಂಟು ವರ್ಷ ಅವಗ. ಚಿನ್ನಿಗೆ ಹನ್ನೊಂದು.

ಹೋದ ವಾರ ವರ್ಷದ ರೇಬೀಸ್ ಇಂಜೆಕ್ಷನ್ ಹಾಕಸ್ಲಿಕ್ಕೆ ಇಬ್ಬರನ್ನೂ ಆಟೋದಾಗ ಕರ್ಕೊಂಡು ಹೋಗಿದ್ದೆ. ಡಾಕ್ಟರ್ ಹೊಸಬರು, ಸಣ್ಣ ವಯಸ್ಸು, ಆದ್ರ ಕೈ ಭಾಳ ಹಗುರ. ವಸಡು ಒತ್ತಿ ನೋಡಿದ್ರು, ಹೊಟ್ಟಿ ಹಿಚುಕಿ ನೋಡಿದ್ರು, ಕಿವಿಯೊಳಗ ಲೈಟ್ ಬಿಟ್ಟು ನೋಡಿದ್ರು. 'ಎಲ್ಲಾ ಛಲೋ ಅದ ನೋಡ್ರಿ' ಅಂದ್ರು. ಅಂದವರು ಪೆನ್ ತಗೊಂಡು ಇಷ್ಟುದ್ದ ಚೀಟಿ ಬರದ್ರು. ಗುಂಡ್ಯಾಗ ಸಿಬಿಸಿ (ರಕ್ತಕಣದ ಎಣಿಕಿ), ಲಿವರ್, ಕಿಡ್ನಿ, ಉಣ್ಣಿ ಜ್ವರದ ಕಿಟ್, ಉಚ್ಚಿ, ಸಂಡಾಸ, ಹೊಟ್ಟಿ ಸ್ಕ್ಯಾನಿಂಗ್. ಚಿನ್ನಿಗೆ ಕಿಟ್ ಬಿಟ್ಟು ಮಿಕ್ಕಿದ್ದೆಲ್ಲಾ, ಮ್ಯಾಲೆ ಥೈರಾಯ್ಡ್ ಮತ್ತ ಬಿಪಿ. ಬೆಕ್ಕಿಗೆ ಬಿಪಿ! ಎರಡೂ ಸೇರಿ ಲೆಕ್ಕ ಹಾಕಿದ್ರ 7,800 ರೂಪಾಯಿ.

ಮನಿಯಾಕಿ ಅಂದಳು, 'ಛಲೋ ಅದ ಅಂದ ಮ್ಯಾಲೆ ಚೀಟಿ ಯಾಕ? ನೀವು ನಿಮ್ಮ ಶುಗರ್ ನೋಡಿಸ್ಕೊಂಡು ಎರಡು ವರ್ಷ ಆತು.' ಮಾತು ಖರೆ.

ರೊಕ್ಕ ಉಳೀತದ ಅಂತ ನಾ ಒಂದು ಶಾಣ್ಯಾತನ ಮಾಡಿದೆ. ಚಿನ್ನಿ ರಕ್ತ ಡಾಕ್ಟರ್ ಕಡೆ ತಗಸಿ, ಟ್ಯೂಬ್ ಕಿಸೆದಾಗ ಇಟ್ಕೊಂಡು ಹೋಗಿ ಮಂದಿ ರಕ್ತ ನೋಡೋ ಲ್ಯಾಬಿಗೆ ಕೊಟ್ಟೆ. ಸಂಜೀಕೆ ರಿಪೋರ್ಟ್ ಬಂತು. ಎಲ್ಲಾ ದಪ್ಪ ಅಕ್ಷರ. ಪ್ಲೇಟ್‌ಲೆಟ್ 62,000, ಕಡಿಮಿ. ಹಿಮೋಗ್ಲೋಬಿನ್ 10.4, ಕಡಿಮಿ. ಬಿಳಿ ರಕ್ತಕಣ 13,800, ಹೆಚ್ಚು. ಕಿಡ್ನಿ ನೋಡೋ ಕ್ರಿಯಾಟಿನಿನ್ 1.5, ಹೆಚ್ಚು. ಮನುಷ್ಯಾಗ ಹಿಂಗ ಬಂದಿದ್ರ ಅಂಬ್ಯುಲೆನ್ಸ್ ಕರೀಬೇಕಾಗಿತ್ತು. ಚಿನ್ನಿ ಮಾತ್ರ ಫ್ರಿಜ್ ಮ್ಯಾಲೆ ಕೂತು ನನ್ನನ್ನ ನೋಡ್ಲಿಕತ್ತದ. ಎರಡು ರಾತ್ರಿ ನಿದ್ದಿ ಇಲ್ಲ ನನಗ.

ನನ್ನ ಪ್ರಶ್ನೆ ಎರಡು. ಈ ರಿಪೋರ್ಟ್ ಖರೇನ? ಚೀಟಿಯೊಳಗಿಂದು ಎಷ್ಟು ಬೇಕು, ಎಷ್ಟು ಬಿಡಬಹುದು? ಪೆನ್ಷನ್‌ದಾಗ ಬದುಕೋ ಮನುಷ್ಯಾ, ಮುಚ್ಚುಮರಿ ಇಲ್ದ ಹೇಳ್ರಿ.


ಕುಂದಗೋಳ ಮೆಣಸಿನಕಾಯಿ:

ಯಜಮಾನರ, ಸಿಟ್ಟಾಗಬ್ಯಾಡ್ರಿ. ನಮ್ಮ ಹೊಲದ ಮನ್ಯಾಗ ನಾಯಿ ಇಲ್ದ ವರ್ಷ ಇಲ್ಲ. ಬೆಳಿಗ್ಗೆ ಒಂದು ರೊಟ್ಟಿ, ಸಂಜಿಕ ಒಂದು ರೊಟ್ಟಿ, ಮಜ್ಜಿಗಿ. ಯಾವುದಕ್ಕೂ ರಕ್ತ ತಪಾಸಣಿ ಮಾಡಿಸಿಲ್ಲ. ಆರಾಮ ತಿರಗ್ಯಾಡಿಕೊಂಡಿರ್ತಾವು, ವಯಸ್ಸಾದ ಮ್ಯಾಲೆ ಹೋಗ್ತಾವು. ನಾಯಿ ತಿನ್ನೂದು ಬಿಟ್ಟರ ಡಾಕ್ಟರ್ ಹತ್ರ ಓಯ್ರಿ, ತಿನ್ನಾಕತ್ತಿದ್ರ ಬಿಡ್ರಿ. 7,800ಕ್ಕ ನಮ್ಮಲ್ಲಿ ಎರಡು ಚೀಲ ಗೊಬ್ಬರ ಬಂದು ಮ್ಯಾಲೆ ಉಳೀತಾವು.


ಸ್ಲೈಡ್ ಮ್ಯಾಲಿನ ಹನಿ, ಹುಬ್ಬಳ್ಳಿ:

ಅಜ್ಜಾರ, ಮೊದಲ ಆ ರಿಪೋರ್ಟ್ ಮಡಚಿ ಕಪಾಟಿನ್ಯಾಗ ಇಡ್ರಿ. ಹಾಸಗ್ಯಾಗ ಒಯ್ಯಬ್ಯಾಡ್ರಿ.

ನಾ ಹುಬ್ಬಳ್ಳ್ಯಾಗ ಲ್ಯಾಬ್ ಟೆಕ್ನಿಷಿಯನ್, ಇಪ್ಪತ್ತೆರಡು ವರ್ಷ ಆತು. ಮಂದಿ ಲ್ಯಾಬ್. ಡಾಕ್ಟರ್ ಅಲ್ಲ, ಹಿಂಗಾಗಿ ಔಷಧದ ಸುದ್ದಿ ಮಾತಾಡೂದಿಲ್ಲ, ಟ್ಯೂಬ್ ಮತ್ತ ಮಷಿನ್ ಸುದ್ದಿ ಅಷ್ಟ ಮಾತಾಡ್ತೇನಿ. ನೀವು ಮಾಡಿದಂಥಾ ಶಾಣ್ಯಾತನಕ್ಕ ಹಿಂದೊಮ್ಮೆ ಸಾಥ್ ಕೊಟ್ಟಂವ ನಾನೂ ಒಬ್ಬ. ಹತ್ತು ವರ್ಷದ ಹಿಂದ ನಮ್ಮ ಓಣಿ ಅಕ್ಕಾರೊಬ್ಬರು ಬೆಕ್ಕಿನ ರಕ್ತ ತಂದ್ರು. ಒಲ್ಲೆ ಅನ್ನಾಕ ಆಗಲಿಲ್ಲ, ಮಷಿನ್‌ಗೆ ಹಾಕಿದೆ. ಹೆಸರಿನ ಕಡೆ ಬೆಕ್ಕಿನ ಹೆಸರು, ವಯಸ್ಸು 3, ಲಿಂಗ ಹೆಣ್ಣು ಅಂತ ಟೈಪ್ ಮಾಡಿದೆ. ಸಾಫ್ಟ್‌ವೇರಿಗೆ ಏನು ಗೊತ್ತು ಪಾಪ, ಮೂರು ವರ್ಷದ ಹುಡುಗಿ ಅಂತ ತಿಳ್ಕೊಂತು. ಹಿಮೋಗ್ಲೋಬಿನ್ ಕಡಿಮಿ ಅಂತ ದಪ್ಪಗ ಒತ್ತಿ ಕೊಡ್ತು. ಅಕ್ಕಾರು ಹದಿನೈದು ದಿನ ಬೆಕ್ಕಿಗೆ ಕಬ್ಬಿಣದ ಟಾನಿಕ್ ಕುಡಿಸಿದ್ರು. ಅದರ ಸಂಡಾಸ ಕರ್ರಗ ಆತು. ಅದನ್ನ ನೋಡಿ 'ಹೊಟ್ಟ್ಯಾಗ ರಕ್ತ ಹೊಂಟೈತಿ' ಅಂತ ಮತ್ತ ಓಡ್ಯಾಡಿದ್ರು. ಬೆಕ್ಕಿಗೆ ಏನೂ ಆಗಿರಲಿಲ್ಲ. ಆಗಿದ್ದು ನಂದ ತಪ್ಪು. ಅವತ್ತಿನಿಂದ ಜನಾವರದ ರಕ್ತ ಬಂದ್ರ ಮಷಿನ್ ಕಡೆ ಹೋಗೂಕಿಂತ ಮೊದಲ ಸ್ಲೈಡ್ ತಗೀತೇನಿ.

ಈಗ ಚಿನ್ನಿ ಲೆಕ್ಕ. ಹಿಮೋಗ್ಲೋಬಿನ್ 10.4 ಬೆಕ್ಕಿಗೆ ಏನೂ ತೊಂದ್ರಿ ಇಲ್ಲ, ಅದರ ಅಳತಿ ಮನುಷ್ಯಾಂದಕಿಂತ ಕೆಳಗ. ಬಿಳಿ ಕಣ 13,800 ಅಂದ್ರ ಮನುಷ್ಯಾಗ ಹೆಚ್ಚು ಖರೆ, ನಮಗ 11,000ಕ್ಕ ಗೆರಿ ಎಳದಾರ. ಬೆಕ್ಕಿಗೆ 19,000ದ ತನಕ ನಡೀತೈತಿ, ನಾಯಿಗೆ 17,000ದ ತನಕ. ಹೆದರಿದ ಬೆಕ್ಕಿನ್ಯಾಗ ಅಂತೂ ಆ ಕ್ಷಣಕ್ಕ ಏರಿಬಿಡ್ತಾವು. ಹೆದರಿದಾಗ ಸಕ್ಕರಿನೂ ಹಂಗ, 200 ದಾಟಿದ್ದು ನೋಡೇನಿ. ಅದನ್ನ ನೋಡಿ ಡಯಾಬಿಟಿಸ್ ಅಂತ ಹೇಳಾಕ ಬರೂದಿಲ್ಲ, ಅನುಮಾನ ಇದ್ರ ಫ್ರಕ್ಟೋಸಮೈನ್ ಅಂತ ಬ್ಯಾರೆ ಪರೀಕ್ಷಾ ಐತಿ, ಅದು ಹಿಂದಿನ ಒಂದೆರಡು ವಾರದ ಸರಾಸರಿ ಹೇಳ್ತೈತಿ.

ಪ್ಲೇಟ್‌ಲೆಟ್ 62,000 ನಾ ನಂಬೂದಿಲ್ಲ. ಯಾಕ ಅಂತ ಸ್ವಲ್ಪ ಬಿಡಿಸಿ ಹೇಳ್ತೇನಿ, ಇದು ನನ್ನ ಇಷ್ಟದ ವಿಷಯ. ನಮ್ಮ ಮಷಿನ್ ರಕ್ತದ ಕಣಗೋಳನ್ನ ಒಂದು ಸಣ್ಣ ತೂತಿನ್ಯಾಗಿಂದ ಒಂದೊಂದಾಗಿ ದಾಟಿಸ್ತೈತಿ. ದಾಟೂಮುಂದ ಕರೆಂಟಿಗೆ ಎಷ್ಟು ಅಡ್ಡ ಬಂತು ಅನ್ನೂದರ ಮ್ಯಾಲೆ ಗಾತ್ರ ಹಿಡಿತೈತಿ. ದೊಡ್ಡದಿದ್ರ ಕೆಂಪು ಕಣ, ಸಣ್ಣದಿದ್ರ ಪ್ಲೇಟ್‌ಲೆಟ್. ಮನುಷ್ಯಾನ ಕೆಂಪು ಕಣ 7ರಿಂದ 8 ಮೈಕ್ರಾನ್, ನಾಯಿದು 7ರ ಆಸುಪಾಸು, ಬೆಕ್ಕಿಂದು 5ರಿಂದ 6 ಅಷ್ಟ. ಅದರ ಮ್ಯಾಲೆ ಬೆಕ್ಕಿನ ಪ್ಲೇಟ್‌ಲೆಟ್ ದಪ್ಪ. ಅಂದ್ರ ಕೆಂಪು ಕಣ ಸಣ್ಣವು, ಪ್ಲೇಟ್‌ಲೆಟ್ ದೊಡ್ಡವು, ಮಷಿನ್‌ಗೆ ಯಾರು ಯಾರು ಅಂತ ತಿಳಿಯೂದಿಲ್ಲ. ಇನ್ನೊಂದು, ಬೆಕ್ಕು ಜಗ್ಗ್ಯಾಡಿ ರಕ್ತ ನಿಧಾನ ಬಂತಂದ್ರ ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟಿ ಗಂಟಾಗ್ತಾವು. ಐವತ್ತು ಪ್ಲೇಟ್‌ಲೆಟ್ ಗಂಟಾಗಿ ಹೋದ್ರ ಮಷಿನ್ ಅದನ್ನ ಬಿಳಿ ಕಣ ಅಂತನೂ ಎಣಿಸೀತು.

ಇದಕ್ಕ ಸ್ಲೈಡ ಬೇಕು. ಒಂದು ಹನಿ ಗಾಜಿನ ಮ್ಯಾಲೆ ಎಳದು, ಬಣ್ಣ ಹಾಕಿ, ಎಣ್ಣಿ ಹಾಕೋ ದೊಡ್ಡ ಲೆನ್ಸಿನ್ಯಾಗ ನೋಡಬೇಕು. ಒಂದು ಸಲ ಕಾಣೂವಷ್ಟು ಜಾಗಾದಾಗ ಎಷ್ಟು ಪ್ಲೇಟ್‌ಲೆಟ್ ಅದಾವು ಅಂತ ಎಣಸೂದು, ಹಿಂಗ ಹತ್ತು ಕಡೆ ಎಣಿಸಿ ಸರಾಸರಿ ತಗದು 15,000ದಲೆ ಗುಣಿಸಿದ್ರ ಅಂದಾಜು ಸಿಗತೈತಿ. ಹನಿ ಎಳದ ಕಡೀ ಅಂಚಿಗೆ ಹೋಗಿ ನೋಡಿದ್ರ ಗಂಟುಗೋಳು ನೇರಳೆ ಹತ್ತಿ ಉಂಡಿ ಇದ್ದಂಗ ಕಾಣ್ತಾವು. ಅವು ಕಂಡ್ವಂದ್ರ ಮಷಿನ್ ಅಂಕಿ ಹರದು ಒಗೀಬಹುದು. ನಿಮ್ಮ ಟ್ಯೂಬ್ ಹಳೇದಾತು, ಹೊಸಾ ರಕ್ತದಾಗಿಂದ ಸ್ಲೈಡ್ ಮಾಡಸ್ರಿ. ಮತ್ತ ಟ್ಯೂಬ್ ಕಿಸೆದಾಗ ಇಡಬ್ಯಾಡ್ರಿ ಮಾರಾಯರ, ಮೈ ಕಾವಿಗೆ ಕೆಲವು ಅಂಕಿ ಅಲ್ಲೇ ಕೆಡ್ತಾವು.

ಕ್ರಿಯಾಟಿನಿನ್ 1.5 ಮಾತ್ರ ನಾ ಹಗರ ತಗೊಳ್ಳೂದಿಲ್ಲ. ಬೆಕ್ಕಿಗೆ 1.6ರ ಕೆಳಗ ಇದ್ರ ಗಾಬರಿ ಇಲ್ಲ ಅಂತಾರ, ಖರೆ. ಆದ್ರ ಹನ್ನೊಂದು ವರ್ಷದ ಬೆಕ್ಕು. ಈ ಕ್ರಿಯಾಟಿನಿನ್ ಅನ್ನೂದು ಭಾಳ ತಡಾ ಮಾಡಿ ಬಾಯಿ ಬಿಡೂ ಸಾಕ್ಷಿ ಇದ್ದಂಗ. ಕಿಡ್ನಿ ಸೋಸೂ ಶಕ್ತಿ ಸುಮಾರು ಮುಕ್ಕಾಲು ಭಾಗ ಹೋದ ಮ್ಯಾಲೆ ಅದು ಗೆರಿ ದಾಟ್ತೈತಿ. ಹಿಂಗಾಗಿ ಕಿಡ್ನಿಗೆ ರಕ್ತಕಿಂತ ಮೊದಲ ಉಚ್ಚಿ ಹೇಳ್ತೈತಿ. ಉಚ್ಚಿ ಎಷ್ಟು ಗಟ್ಟಿ ಐತಿ ಅಂತ ರಿಫ್ರಾಕ್ಟೋಮೀಟರ್ ಮ್ಯಾಲೆ ಒಂದು ಹನಿ ಹಾಕಿ ನೋಡ್ತಾರ. ಬೆಕ್ಕಿಂದು 1.035 ದಾಟಿದ್ರ ಕಿಡ್ನಿ ನೀರು ಹಿಡದಿಟ್ಟುಕೊಳ್ಳಾಕತ್ತೈತಿ ಅಂತ ತಿಳೀಬಹುದು, ನಾಯಿದು 1.030. ಬಣ್ಣದ ಪಟ್ಟಿ ಅದ್ದಿ ಈ ಅಂಕಿ ಬರದು ಕೊಟ್ರ ಒಪ್ಪಬ್ಯಾಡ್ರಿ, ಪಟ್ಟಿ ಮ್ಯಾಲಿನ ಆ ಚೌಕ ನಾಯಿ ಬೆಕ್ಕಿಗೆ ಸುಳ್ಳು ಹೇಳ್ತೈತಿ. ಬಿಳಿ ಕಣದ ಚೌಕನೂ ಹಂಗ.

ಇನ್ನ ಗುಂಡ್ಯಾ. ನಂಗ ಕೇಳಿದ್ರ ಸಿಬಿಸಿ ಸ್ಲೈಡ್ ಸಮೇತ, ಲಿವರ್, ಕಿಡ್ನಿ, ಉಚ್ಚಿ, ಸಂಡಾಸ, ಇಷ್ಟು ಬಿಡಬ್ಯಾಡ್ರಿ. ಸಂಡಾಸ ಪರೀಕ್ಷಾ ಎಲ್ಲಾದಕ್ಕಿಂತ ಸೋವಿ, ಎಲ್ಲಾರೂ ಬಿಡೂದೂ ಅದನ್ನ. ಉಪ್ಪಿನ ನೀರಿನ್ಯಾಗ ಕಲಿಸಿದ್ರ ಕೊಕ್ಕಿಹುಳದ ತತ್ತಿ ಮ್ಯಾಲೆ ತೇಲ್ತಾವು. ಮನ್ಯಾಗ ಮೊಮ್ಮಕ್ಕಳು ಬರಿಗಾಲಿಲೆ ಅಂಗಳದಾಗ ಆಡ್ತಿದ್ರ ಇದು ನಾಯಿ ಸಲುವಾಗಿ ಅಷ್ಟ ಅಲ್ಲ, ಆ ಹುಳದ ಮರಿ ಮನುಷ್ಯಾನ ಚರ್ಮದಾಗೂ ಹೊಕ್ಕತಾವು. ಅವತ್ತಿಂದ ಅವತ್ತ ತರ್ರಿ, ಮುಚ್ಚಳದ ಡಬ್ಬ್ಯಾಗ. ಕಡ್ಡಿಪೆಟಗ್ಯಾಗ ತರಬ್ಯಾಡ್ರಿ, ಇನ್ನೂ ತರವ್ರು ಅದಾರ.

ಉಣ್ಣಿ ಕಿಟ್ ಬಗ್ಗೆ ಒಂದು ಮಾತು. ಮಾಳಮಡ್ಡಿ ಅಂದ್ರಿ, ಹಳೇ ಮನಿ ಇರಬೇಕು. ನಾಯಿ ಮೈಮ್ಯಾಲಿನ ಕಂದು ಉಣ್ಣಿ ತತ್ತಿ ಇಡೂದು ನಾಯಿ ಮ್ಯಾಲೆ ಅಲ್ಲ, ಗ್ವಾಡಿ ಬಿರುಕಿನ್ಯಾಗ, ಸಾವಿರಗಟ್ಟಲೆ. ಎರ್ಲಿಕಿಯಾ ಅನ್ನೂ ಉಣ್ಣಿ ಜ್ವರ ನಾಯಿ ಒಳಗ ತಿಂಗಳಗಟ್ಟಲೆ ಸುಮ್ಮನ ಕೂತಿರ್ತೈತಿ, ನಾಯಿ ತಿಂತೈತಿ, ಆಡ್ತೈತಿ, ಒಳಗ ಪ್ಲೇಟ್‌ಲೆಟ್ ಇಳಿತಿರ್ತಾವು. ಕುಂದಗೋಳದ ಅಣ್ಣಾರ, 'ತಿನ್ನಾಕತ್ತಿದ್ರ ಬಿಡ್ರಿ' ಅಂದದ್ದಕ್ಕ ಇದ ನನ್ನ ಉತ್ತರ. ಆದ್ರ ಕಿಟ್‌ನ್ಯಾಗೂ ಒಂದು ಮೋಸ ಐತಿ. ಅದು ನೋಡೂದು ರೋಗಾಣು ಅಲ್ಲ, ರೋಗಾಣು ಮ್ಯಾಲೆ ದೇಹ ತಯಾರ ಮಾಡಿದ ಪ್ರತಿಕಾಯ. ರೋಗ ವಾಸಿ ಆಗಿ ತಿಂಗಳಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಎರಡನೇ ಗೆರಿ ಮೂಡತೈತಿ. ಗೆರಿ ಬಂತು ಅಂದ ಕೂಡಲೆ ಗುಳಿಗಿ ಚಾಲೂ ಮಾಡೂದಲ್ಲ, ಪ್ಲೇಟ್‌ಲೆಟ್ ಎಷ್ಟದಾವು ಅಂತ ಜೋಡಿಸಿ ಡಾಕ್ಟರ್ ನಿರ್ಧಾರ ಮಾಡ್ತಾರ. ರೊಕ್ಕ ಕಡಿಮಿ ಇದ್ರ ಮೊದಲ ಸಿಬಿಸಿ ಮಾಡಸ್ರಿ, ಪ್ಲೇಟ್‌ಲೆಟ್ ಎರಡು ಲಕ್ಷದ ಮ್ಯಾಲೆ ಛಲೋ ಇದ್ರ ಕಿಟ್ ಈ ಸಲ ಬಿಡಬಹುದೇನು ಅಂತ ಡಾಕ್ಟರ್‌ಗೆ ಕೇಳ್ರಿ. ಸ್ಕ್ಯಾನಿಂಗೂ ಹಂಗ. ಗಂಡು ನಾಯಿ, ಹೊಟ್ಟಿ ಹಿಚುಕಿದಾಗ ಕೈಗೆ ಏನೂ ಹತ್ತಿಲ್ಲ, ರಕ್ತದ ರಿಪೋರ್ಟ್ ನೋಡಿ ಮುಂದ ಮಾಡಸೂನೇನು ಅಂತ ಕೇಳೂದ್ರಾಗ ತಪ್ಪಿಲ್ಲ. ಆಪರೇಷನ್ ಆಗದ ಹೆಣ್ಣು ನಾಯಿ ಇದ್ದಿದ್ರ ಹಿಂಗ ಹೇಳ್ತಿರಲಿಲ್ಲ, ಗರ್ಭಚೀಲದಾಗ ಕೀವು ತುಂಬೂದು ವಯಸ್ಸಾದ ಹೆಣ್ಣು ನಾಯಿಗೆ ಸಾಮಾನ್ಯ.

ರಕ್ತ ಕೊಡೂ ಮುಂದ ರಾತ್ರಿ ಊಟ ಬ್ಯಾಡ, ನೀರು ನಡೀತೈತಿ. ತುಪ್ಪ ಸವರಿದ ರೊಟ್ಟಿ ತಿಂದು ಬಂದ ನಾಯಿ ರಕ್ತ ಮಷಿನ್‌ನ್ಯಾಗ ತಿರುಗಿಸಿ ನೋಡಿದ್ರ ಮ್ಯಾಲೆ ನಿಲ್ಲೂ ಸೀರಮ್ ಹಾಲಿನಂಗ ಬೆಳ್ಳಗ ಇರ್ತೈತಿ, ಅದರಾಗ ಎಷ್ಟೋ ಅಂಕಿ ಸರಿ ಬರೂದಿಲ್ಲ.

ಮನಿಯಾಕಿ ಅವರ ಪ್ರಶ್ನೆ ಉಳೀತು, ಛಲೋ ಇದ್ದಾಗ ಯಾಕ ಅಂತ. ಗುಂಡ್ಯಾನ ಕ್ರಿಯಾಟಿನಿನ್ ಈಗ 0.8 ಅಂತ ಇಟ್ಕೋರಿ. ಎರಡು ವರ್ಷದ ಮ್ಯಾಲೆ 1.3 ಬಂತು. ರಿಪೋರ್ಟ್‌ನ್ಯಾಗ ದಪ್ಪ ಅಕ್ಷರ ಬರೂದಿಲ್ಲ, ಅಳತಿ ಒಳಗ ಐತಿ. ಆದ್ರ 0.8 ಗೊತ್ತಿದ್ದವಂಗ 1.3 ನೋಡಿ ಮೈ ಝುಂ ಅಂತೈತಿ. ಅದ ನಾಯಿ ಹುಷಾರಿಲ್ದ ಬಿದ್ದಾಗ ಮೊದಲನೇ ಸಲ ತಂದ್ರ, ಯಾವುದರ ಜೋಡಿ ಹೋಲಸೂದು? ಬ್ಯಾರೆ ನಾಯಿಗೋಳ ಜೋಡಿನ ಹೋಲಸಬೇಕಾಕ್ಕತಿ.


ಬೆಟಗೇರಿ ಸೆರಗು:

ಹುಬ್ಬಳ್ಳಿ ಅಣ್ಣಾರು ಕಿಡ್ನಿ ಸುದ್ದಿ ತಗದ್ರು, ಹಿಂಗಾಗಿ ಬರ್ಯಾಕತ್ತೇನಿ. ನಮ್ಮ ಬೆಕ್ಕು ಬಿಳ್ಯಾ ಹನ್ನೆರಡು ವರ್ಷ ಇದ್ದ. ಗದಗ-ಬೆಟಗೇರ್ಯಾಗ ನೀರಿನ ಗ್ವಾಳ ನಿಮಗ ಗೊತ್ತ ಐತಿ, ನಳ ಬಂದಾಗ ಕೊಡ, ಬ್ಯಾರಲ್ ಎಲ್ಲಾ ತುಂಬಿಸಿ ಇಡೂದು. ಬಿಳ್ಯಾ ಬ್ಯಾರಲ್ ಅಂಚಿಗೆ ಮುಂಗಾಲು ಊರಿ ನೀರು ಕುಡಿಯಾಕ ಶುರು ಮಾಡಿದ. ಮಾರ್ಚ್ ತಿಂಗಳು, ಬಿಸಲಿಗೆ ಅಂದ್ಕೊಂಡ್ವಿ. ನಮ್ಮ ಅತ್ತಿ ಅವಂಗ ಬ್ಯಾರೆ ಬಟ್ಟಲಾ ಇಟ್ರು, 'ಕುಡೀಲಿ ಪಾಪ' ಅಂತ. ದೀಪಾವಳಿಗೂ ಹಂಗ ಕುಡಿಯಾಕತ್ತಿದ್ದ. ಆವಾಗ ಯಾರೂ ಬಿಸಲು ಅನ್ನಲಿಲ್ಲ.

ಒಂದಿನ ಬೆಳಿಗ್ಗೆ ಬಾಗಲಿಗೆ ಡಿಕ್ಕಿ ಹೊಡದ. ಕಣ್ಣಿನ ಪಾಪಿ ಎರಡೂ ಅಗಲ ಆಗಿ ಕರ್ರಗ ಕೂತಿದ್ದವು. ಕಿಡ್ನಿ ಹೋಗಿ, ಬಿಪಿ ಏರಿ, ಕಣ್ಣಿನ ಪರದಿ ಕಳಚೇತಿ ಅಂದ್ರು ಡಾಕ್ಟರು. ಅದರ ಮ್ಯಾಲೆ ಎರಡು ತಿಂಗಳು ಇದ್ದ. ಅಜ್ಜಾರ, ಬೆಕ್ಕಿಗೆ ಬಿಪಿ ಅಂತ ನಗಬ್ಯಾಡ್ರಿ. ಕಾಲಿಗೆ ಕೂಸಿನ ಗಾತ್ರದ ಪಟ್ಟಿ ಸುತ್ತಿ ನೋಡ್ತಾರ, ಐದು ನಿಮಿಷದ ಕೆಲಸ.

ಇನ್ನೊಂದು, ಇದಕ್ಕ ರೊಕ್ಕ ಬ್ಯಾಡ. ತಿಂಗಳಿಗೊಮ್ಮೆ ಬೆಕ್ಕನ್ನ ಎತ್ತಿಕೊಂಡು ತೂಕದ ಮಷಿನ್ ಮ್ಯಾಲೆ ನಿಂದರ್ರಿ, ಇಳಿಸಿ ಮತ್ತ ನಿಂದರ್ರಿ, ಕಳೀರಿ. ನಾಲ್ಕು ಕಿಲೋ ಬೆಕ್ಕು 400 ಗ್ರಾಂ ಇಳದ್ರ ಹತ್ತನೇ ಒಂದು ಪಾಲು ಹೋತು. ನನ್ನಂಥಾಕಿ ಆರು ಕಿಲೋ ಇಳದಂಗ, ಓಣಿ ತುಂಬ ಸುದ್ದಿ ಆಗ್ತಿತ್ತು. ಬೆಕ್ಕಿನ ಕೂದಲಾಗ ಯಾರಿಗೂ ಕಾಣೂದಿಲ್ಲ. ಭಾಳ ತಿಂದೂ ಇಳಿಯಾಕತ್ತಿತ್ತಂದ್ರ ಥೈರಾಯ್ಡ್ ನೋಡ್ತಾರ, ಚೀಟ್ಯಾಗ ಬರದದ್ದು ಅದಕ್ಕ ಇರಬೇಕು. ಗದಗಿನ ಕಡಿಯವ್ರು ಯಾರರ ಇದನ್ನ ಓದಾಕತ್ತಿದ್ರ, ನಮ್ಮಲ್ಲೇ ಪಶುವೈದ್ಯಕೀಯ ಕಾಲೇಜ್ ಐತಿ, ಅಲ್ಲೂ ವಿಚಾರಸ್ರಿ.


ಹಾವೇರಿ ಏಲಕ್ಕಿ:

ಒಂದ ಸಾಲು. ಓಣಿ ನಾಯಿಗೆ ಅನ್ನ ಹಾಕವ್ರು ಇಷ್ಟೆಲ್ಲಾ ಮಾಡ್ಸಾಕ ಆಗೂದಿಲ್ಲ, ಅವಕ್ಕ ರೇಬೀಸ್ ಲಸಿಕಿ ಒಂದು ತಪ್ಪಸಬ್ಯಾಡ್ರಿ. ಸೆಪ್ಟೆಂಬರ್ 28 ರೇಬೀಸ್ ದಿನ, ಆ ಸುಮಾರಿಗೆ ಸರ್ಕಾರಿ ಪಶು ಆಸ್ಪತ್ರ್ಯಾಗ ಪುಕ್ಕಟೆ ಹಾಕ್ತಾರೇನು ಅಂತ ಮೊದಲ ಕೇಳಿ ಇಟ್ಕೋರಿ.


ಕುಂದಗೋಳ ಮೆಣಸಿನಕಾಯಿ:

ಹುಬ್ಬಳ್ಳಿ ಅವರ, ಒಂದು ಕೇಳ್ತೇನಿ. ನಮ್ಮ ಹಿಂದಿನ ನಾಯಿ, ಕರಿಯಾ ಅಂತ, ಐದ ವರ್ಷದಂವ ಇದ್ದ. ಮೂಗಿನ್ಯಾಗ ರಕ್ತ ಇಳದು ನಾಲ್ಕ ದಿನದಾಗ ಹೋದ. ಬಿಸಲು ಹತ್ತಿ ಉಷ್ಣ ಆಗೇತಿ ಅಂತ ಉಳ್ಳಾಗಡ್ಡಿ ಕಟ್ಟಿದ್ವಿ. ಮೈತುಂಬ ಉಣ್ಣಿ ಇದ್ವು. ಅದೂ ಇದನ ಇರಬಹುದೇನು?


ಸ್ಲೈಡ್ ಮ್ಯಾಲಿನ ಹನಿ, ಹುಬ್ಬಳ್ಳಿ:

ಅಣ್ಣಾರ, ನೋಡದ ಹೇಳೂದು ತಪ್ಪಾಕ್ಕತಿ. ಇರಬಹುದು. ಪ್ಲೇಟ್‌ಲೆಟ್ ಇಳದ್ರ ಮೂಗಿನಿಂದ ಹಂಗ ರಕ್ತ ಬರ್ತೈತಿ. ಈಗಿರೂ ನಾಯಿಗೆ ಉಣ್ಣಿ ಇದ್ರ, ಕಿವಿ ಒಳಗ, ಬೆರಳ ಸಂದ್ಯಾಗ ಇವತ್ತ ನೋಡ್ರಿ. ಸುಮ್ಮನ ಒಂದು ಸಿಬಿಸಿ ಮಾಡಸ್ರಿ, ನನ್ನ ಹತ್ರ ತಂದ್ರ ಸ್ಲೈಡ್‌ಗೆ ರೊಕ್ಕ ತಗೊಳ್ಳೂದಿಲ್ಲ.


ಮಾಳಮಡ್ಡಿ ಅಜ್ಜ:

ಹನ್ನೆರಡು ದಿನದ ಮ್ಯಾಲೆ ಬರೀಲಿಕತ್ತೇನಿ, ತಡಾ ಆತು.

ಡಾಕ್ಟರ್ ಹತ್ರ ಮತ್ತ ಹೋದೆ. ಕಿಟ್, ಸ್ಕ್ಯಾನಿಂಗ್ ರಕ್ತ ನೋಡಿ ಆಮ್ಯಾಲೆ ಮಾಡೋಣೇನು ಅಂತ ಕೇಳಿದೆ. ಬೈತಾರ ಅಂದ್ಕೊಂಡಿದ್ದೆ, 'ಆಯ್ತಲ್ಲ' ಅಂದ್ರು. ಇಷ್ಟು ಸರಳ ಇತ್ತು.

ಗುಂಡ್ಯಾನ ಉಚ್ಚಿ ಹಿಡಿಯೋದು ದೊಡ್ಡ ನಾಟಕ. ಬೆಳಿಗ್ಗೆ ಐದೂವರಿಗೆ ಸಾರಿನ ಸೌಟು ಹಿಡಕೊಂಡು ಅವನ ಹಿಂದ ಹೊಂಟೆ. ಅವಗ ಸಂಶಯ ಬಂತು. ಕಾಲು ಎತ್ತತಾನ, ಸೌಟು ಮುಂದ ಬಂದ ಕೂಡಲೆ ಇಳಸ್ತಾನ, ತಿರುಗಿ ನನ್ನ ಮುಖ ನೋಡ್ತಾನ. ನಾಲ್ಕು ಲೈಟ್ ಕಂಬ ದಾಟಿದ್ವಿ. ವಾಕಿಂಗ್ ಹೊಂಟ ಕುಲಕರ್ಣಿ ಮಾಸ್ತರ್ ನಿಂತು, 'ಏನ್ರೀ ಇದು, ಅಭಿಷೇಕಾ?' ಅಂದ್ರು. ಐದನೇ ಕಂಬಕ್ಕ ಸಿಕ್ತು, ಎರಡು ಚಮಚೆಯಷ್ಟು. ಮನಿಗೆ ಬಂದ್ರ ಬಾಗಲದಾಗೇ ಆಕಿ ನಿಂತಿದ್ಲು. ಆ ಸೌಟು ಈ ಜನ್ಮದಾಗ ಅಡಗಿ ಮನಿ ಒಳಗ ಬರಂಗಿಲ್ಲ ಅಂದಾಳ. ಹಿತ್ತಲದಾಗ ಮೊಳೆಗೆ ತೂಗು ಹಾಕೇನಿ.

ಗುಂಡ್ಯಾ: ಪ್ಲೇಟ್‌ಲೆಟ್ 2,84,000, ಸ್ಲೈಡಿನೊಳಗೂ ಸರಿ ಅವ. ಕ್ರಿಯಾಟಿನಿನ್ 0.9. ಉಚ್ಚಿ 1.038. ತೂಕ 21.4 ಕಿಲೋ. ಸಂಡಾಸದಾಗ ಕೊಕ್ಕಿಹುಳದ ತತ್ತಿ ಸಿಕ್ಕಾವ, ಗುಳಿಗಿ ಕೊಟ್ಟಾರ, ಮೂರು ವಾರಕ್ಕ ಮತ್ತ ಸಂಡಾಸ ತರ್ರಿ ಅಂದಾರ. ಎಲ್ಲಾದಕ್ಕಿಂತ ಸೋವಿ ಪರೀಕ್ಷಾದಾಗೇ ಸಿಕ್ಕಿಬಿದ್ದ ನೋಡ್ರಿ ಕಳ್ಳ.

ಚಿನ್ನಿ: ಹೊಸ ರಕ್ತದ ಸ್ಲೈಡಿನೊಳಗ ಗಂಟು ಗಂಟು ಪ್ಲೇಟ್‌ಲೆಟ್. ಡಾಕ್ಟರ್ ನನಗ ಲೆನ್ಸಿನೊಳಗ ತೋರಿಸಿದ್ರು, ಹತ್ತಿ ಉಂಡಿ ಅಂದದ್ದು ಖರೆ, ಹಂಗೇ ಕಾಣ್ತಾವ. ಬಿಪಿ, ಥೈರಾಯ್ಡ್ ಛಲೋ. ಕ್ರಿಯಾಟಿನಿನ್ ಮತ್ತ 1.5. ಉಚ್ಚಿ ನೋಡ್ದ ಏನೂ ಹೇಳಂಗಿಲ್ಲ ಅಂದಾರ.

ಎಲ್ಲಾ ಅಂಕಿ ಪೋಸ್ಟ್ ಆಫೀಸಿನ ಹಳೇ ರಿಜಿಸ್ಟರ್ ಒಂದರೊಳಗ ಬರದಿಟ್ಟೇನಿ. ಎಡಕ್ಕ ಗುಂಡ್ಯಾ, ಬಲಕ್ಕ ಚಿನ್ನಿ. ನಡುವೆ ಒಂದು ಕಾಲಮ್ ಖಾಲಿ ಇತ್ತು, ಮನಿಯಾಕಿ ಮಾತಾಡ್ದ ಅದರ ಮ್ಯಾಲೆ ನನ್ನ ಹೆಸರು ಬರದು ಶುಗರ್ ಅಂತ ಹಾಕ್ಯಾಳ. ಗುರುವಾರ ಹೋಗೂದದ.

ಈಗ ಉಳದದ್ದು ಚಿನ್ನಿ ಉಚ್ಚಿ. ಆಕಿ ಮಣ್ಣಿನ ಟ್ರೇ ಬಿಟ್ಟು ಬ್ಯಾರೆ ಕಡೆ ಮಾಡಂಗಿಲ್ಲ, ಮಣ್ಣು ಎಲ್ಲಾ ಕುಡದುಬಿಡ್ತದ. ಸೌಟು ನಡಿಯಂಗಿಲ್ಲ, ಪ್ರಯತ್ನ ಮಾಡಿ ಕೈಮ್ಯಾಲೆ ನಾಲ್ಕು ಗೆರಿ ಆಗ್ಯಾವ. ಏನರ ಉಪಾಯ ಅದ ಏನ್ರಿ?


ಸ್ಲೈಡ್ ಮ್ಯಾಲಿನ ಹನಿ, ಹುಬ್ಬಳ್ಳಿ:

ಐತ್ರಿ ಅಜ್ಜಾರ. ಟ್ರೇ ತೊಳದು ಒಣಗಿಸಿ, ಮಣ್ಣಿನ ಬದಲಿಗೆ ಮೀನಿನ ತೊಟ್ಟಿಗೆ ಹಾಕೋ ಸಣ್ಣ ಹರಳು ತೊಳದು ಹಾಸ್ರಿ. ಅವು ನೀರು ಕುಡಿಯೂದಿಲ್ಲ. ರಾತ್ರಿ ಚಿನ್ನಿನ್ನ ಟ್ರೇ ಜೋಡಿ ಒಂದ ಖೋಲ್ಯಾಗ ಬಿಡ್ರಿ. ಬೆಳಿಗ್ಗೆ ಟ್ರೇ ಒಂದು ಮೂಲಿಗೆ ವಾರಿ ಮಾಡಿ, ಸೂಜಿ ಇಲ್ದ ಸಿರಿಂಜಿನಿಂದ ಎಳಕೊಂಡು ಮುಚ್ಚಳದ ಡಬ್ಬ್ಯಾಗ ಹಾಕ್ರಿ. ತಾಸಿನ ಒಳಗ ಡಾಕ್ಟರ್ ಹತ್ರ ಮುಟ್ಟಸಬೇಕು, ಆಗಲಿಲ್ಲಂದ್ರ ಫ್ರಿಜ್‌ನ್ಯಾಗ ಇಡಬೇಕು. ಫ್ರಿಜ್ ಸುದ್ದಿ ಮಾತ್ರ ಅಮ್ಮಾರಿಗೆ ಮೊದಲ ಕೇಳಿ ಮಾಡ್ರಿ.